ಬರ್ಮಾಕ್ಕೆ ಹೋದವನ ಹೆಂಡತಿಯ ಊರು

ನಮ್ಮ ಮನೆಯ ದೇವರ ಜಗಲಿ ಮೇಲೆ ಆರು ಮೂಲೆಯ ನಕ್ಷತ್ರವೊಂದಿದೆ. ಅಂಗೈಗಿಂತ ಚಿಕ್ಕದು. ಹಿರಿಯರ ಹಬ್ಬದ ಹಿಂದಿನ ದಿನ ದೀಪ, ತಟ್ಟೆ, ಗಿಂಡಿಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಅಜ್ಜಿಯ ಕಾಲದಿಂದ ನಡೆದುಬಂದಿದೆ. ವರ್ಷ ವರ್ಷ ಹುಳಿ ತಿಂದು ನಡುವಿನ ಕಿರೀಟ ಸವೆದು ಹೋಗಿದೆ. ಸುತ್ತಲಿರುವ ಇಂಗ್ಲಿಷ್ ಅಕ್ಷರಗಳಲ್ಲಿ ‘ಬರ್ಮಾ’ ಅನ್ನುವುದನ್ನು ಕಣ್ಣಿಗಿಂತ ಬೆರಳಿನಿಂದಲೇ ಓದಬೇಕು. ಮೊದಲು ಅದಕ್ಕೊಂದು ಬಟ್ಟೆಯ ಪಟ್ಟಿಯೂ ಇತ್ತಂತೆ. ನಡುವೆ ಕೆಂಪು, ಆಚೀಚೆ ನೀಲಿ, ನೀಲಿಯೊಳಗೊಂದು ಕಿತ್ತಳೆ ಗೆರೆ. ಅದನ್ನು ಯಾವಾಗಲೋ ಇಲಿ ಕಡಿದು ಹಾಕಿದೆ.

ಅದು ನಮ್ಮಜ್ಜನ ಅಣ್ಣನದು, ಎರಡನೇ ಮಹಾಯುದ್ಧದ ಪದಕ. ಮನೆಯಲ್ಲಿ ಅವನಿಗೆ ‘ಬರ್ಮಾದಜ್ಜ’ ಅನ್ನುತ್ತೇವೆ. ಅಜ್ಜ ಅನ್ನಿಸಿಕೊಳ್ಳುವ ವಯಸ್ಸು ಅವನಿಗೆ ಬರಲೇ ಇಲ್ಲ. ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ದಂಡಿಗೆ ಹೋದ, ಬರ್ಮಾದಲ್ಲಿ ತೀರಿಕೊಂಡ. ಅವನ ಬಗ್ಗೆ ನಾನು ಕೇಳಿ ಬೆಳೆದದ್ದು ಇಷ್ಟೇ. ಮನೆಯಲ್ಲಿ ಫೋಟೊ ಇಲ್ಲ, ಕಾಗದ ಇಲ್ಲ. ಹಬ್ಬದಲ್ಲಿ ಅವನ ಹೆಸರು ಹೇಳಿ ಒಂದು ಎಡೆ ಇಡುತ್ತಾರೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಆಗಿ, ದಾವಣಗೆರೆಯ ಮನೆಯಲ್ಲಿ ತಿಂಗಳುಗಟ್ಟಲೆ ಅವರ ಪಕ್ಕ ಕೂತಿರಬೇಕಾದಾಗ ಹುಡುಕಲು ಶುರು ಮಾಡಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆಯಿದೆ, 1917ರಲ್ಲಿ ಆರಂಭವಾದದ್ದು. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅವರಲ್ಲಿವೆ. ಎರಡನೇ ಯುದ್ಧದ ಅವಿಭಜಿತ ಭಾರತದವರೇ 87,000ಕ್ಕೂ ಹೆಚ್ಚು. ಯಾರು ಬೇಕಾದರೂ ಮನೆಯಲ್ಲಿ ಕೂತು ಹುಡುಕಬಹುದು. ಆದರೆ ನಮ್ಮ ಹೆಸರುಗಳನ್ನು ಬರೆದವರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿಗೆ ಇಳಿಸಿದ ಗುಮಾಸ್ತರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಮನೆಗೊಬ್ಬ ‘ತಿಪ್ಪ’ ಇರುತ್ತಾನೆ. ಬರ್ಮಾದಜ್ಜನ ಹೆಸರಿನಲ್ಲೂ ಅದೇ ಇತ್ತು. ತ ಅಕ್ಷರಕ್ಕೆ ಎರಡು ಬಗೆ, ಪ್ಪ ಒತ್ತಿಗೆ ಎರಡು ಬಗೆ, ಕೊನೆಯ ಸ್ವರಕ್ಕೆ ಮೂರು ಬಗೆ. ಒಂದೊಂದನ್ನೂ ಕೂಡಿಸಿ ಕಳೆದು ನೋಡುತ್ತಾ ಹೋದೆ.

ಊರಿನ ವಿಷಯದಲ್ಲಿ ನಾನೇ ಎಡವಿದ್ದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅವನು ಹೋಗುವಾಗ ಜಗಳೂರು ಇದ್ದದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ. ಅದನ್ನು ಬ್ರಿಟಿಷರು ಬರೆಯುತ್ತಿದ್ದದ್ದು ‘ಚಿತಲ್‌ಡ್ರೂಗ್’ ಅಂತ. ಹಾಗೆ ಬರೆದು ಹುಡುಕಿದ ರಾತ್ರಿ ಸಿಕ್ಕ.

ನಂಬರು, ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, 1945ರ ಮಾರ್ಚ್, ವಯಸ್ಸು 23. ಸರ್ವಿಸ್ ಕೋರ್ ಅಂದರೆ ಸೈನ್ಯಕ್ಕೆ ಅಕ್ಕಿ, ಬೇಳೆ, ಪೆಟ್ರೋಲು, ಗುಂಡು ಮುಟ್ಟಿಸುವವರು. ಐರಾವತಿ ನದಿ ದಾಟಿದ್ದ ಬ್ರಿಟಿಷರ 14ನೇ ಸೈನ್ಯ ಆ ತಿಂಗಳಲ್ಲೇ ಮೆಯ್ಕ್‌ಟಿಲಾ, ಮಾಂಡಲೆಗಳನ್ನು ಜಪಾನೀಯರಿಂದ ಕಿತ್ತುಕೊಂಡದ್ದು. ಇನ್ನೈದು ತಿಂಗಳು ಬದುಕಿದ್ದರೆ ಯುದ್ಧವೇ ಮುಗಿಯುತ್ತಿತ್ತು. ಅವನಿಗೆ ಗೋರಿಯಿಲ್ಲ. ಯಾಂಗೋನ್ ಹತ್ತಿರದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಲ್ಲುಕಂಬಗಳ ಮೇಲೆ ಗುರುತು ಸಿಗದ ಸಮಾಧಿಯವರದು, ಸಮಾಧಿಯೇ ಇಲ್ಲದವರದು ಹತ್ತಿರ ಹತ್ತಿರ 27,000 ಹೆಸರುಗಳಿವೆ. ಅವುಗಳಲ್ಲಿ ಅವನದೂ ಒಂದು. ‘ಇವರು ಎಲ್ಲ ಸ್ವತಂತ್ರ ಜನರಿಗಾಗಿ ಸತ್ತರು’ ಅಂತ ಅಲ್ಲಿ ಐದು ಭಾಷೆಯಲ್ಲಿ ಕೆತ್ತಿದ್ದಾರೆ: ಇಂಗ್ಲಿಷ್, ಬರ್ಮೀಸ್, ಹಿಂದಿ, ಉರ್ದು, ಗುರುಮುಖಿ ಲಿಪಿಯ ಪಂಜಾಬಿ. ಅವನಿಗೆ ಬರುತ್ತಿದ್ದ ಒಂದೇ ಭಾಷೆ ಅದರಲ್ಲಿಲ್ಲ. ನನಗೆ ಅದು ನೋವಾಯಿತು, ಈಗಲೂ ಆಗುತ್ತದೆ.

ದಾಖಲೆಯ ಕೊನೆಯ ಸಾಲಿನಲ್ಲಿ ತಂದೆಯ ಹೆಸರು, ನಮ್ಮೂರಿನ ಹೆಸರು, ಅವೆರಡರ ನಡುವೆ ಇನ್ನೊಂದು ಹೆಸರಿತ್ತು. ಇಂಥವಳ ಗಂಡ.

ಅಪ್ಪನಿಗೆ ಓದಿ ಹೇಳಿದೆ. “ಮದುವೆ ಆಗಿತ್ತೇನು ಅವನಿಗೆ?” ಅಂದರು. ಅಪ್ಪನಿಗೆ ಎಪ್ಪತ್ತೆಂಟು ವರ್ಷ, ಅದೇ ಮನೆಯಲ್ಲಿ ಹುಟ್ಟಿದವರು. ದೊಡ್ಡತ್ತೆಗೆ ಫೋನ್ ಮಾಡಿದೆವು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದ್ದಳಂತೆ ಒಬ್ಬಾಕಿ. ಉಡಿಕಿ ಮಾಡ್ಕೊಂಡು ಹೋದಳು. ಅದೆಲ್ಲಾ ಯಾಕೆ ಈಗ” ಅಂದು ಮಳೆಯ ಮಾತು ತೆಗೆದರು.

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವ ಉಡಿಕೆ ನಮ್ಮ ಕಡೆ ಹೊಸದಲ್ಲ, ಅವಮಾನವೂ ಅಲ್ಲ. ಹಾಗಿದ್ದ ಮೇಲೆ ಹೆಸರನ್ನೇ ಅಳಿಸುವಂಥದ್ದು ಏನಾಗಿತ್ತು? ಸಿಪಾಯಿಯ ವಿಧವೆಗೆ ಬರುವ ಪೆನ್ಷನ್ ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು. ನಾನು ಊಹಿಸಿದ್ದನ್ನು ಅತ್ತೆ ಆಮೇಲೊಂದು ದಿನ ತಾವಾಗಿಯೇ ಹೇಳಿದರು. ಆ ದುಡ್ಡು ಬರುತ್ತಿದ್ದದ್ದು ಮಾವನ ಕೈಗೆ. ಅದು ನಿಂತ ದಿನ ಆಕೆಯ ಹೆಸರು ಈ ಮನೆಯಲ್ಲಿ ನಿಂತಿತು. ನಮ್ಮವರು ಮಾಡಿದ್ದು ತಪ್ಪು. ಹದಿನೆಂಟು ವರ್ಷದ ಹುಡುಗಿಗೆ ಮಾಡಿದ ತಪ್ಪು.

ಹೆಸರು ಕೈಯಲ್ಲಿತ್ತು, ತವರು ಯಾವುದು ಅಂತ ಗೊತ್ತಿರಲಿಲ್ಲ. ಅದಕ್ಕೆ ದಾರಿ ತೋರಿದ್ದು ಯಾವ ಕಚೇರಿಯೂ ಅಲ್ಲ, ನಮ್ಮ ಮನೆಯ ಹೆಳವ. ವಂಶದ ಲೆಕ್ಕ ಬಾಯಲ್ಲಿಟ್ಟುಕೊಂಡು, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದವರ ಪೈಕಿ. ಸುಗ್ಗಿ ಮುಗಿದ ಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಬಂದು, ನಮ್ಮ ಮೂಲ ಯಾವ ಊರು, ಯಾವ ಬರದಲ್ಲಿ ಎಲ್ಲಿಂದ ಎದ್ದು ಬಂದೆವು, ಯಾರಿಗೆ ಎಷ್ಟು ಗಂಡುಮಕ್ಕಳು ಅಂತ ಒಂದೇ ಉಸಿರಿಗೆ ಹೇಳಿ, ಜೋಳ, ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ಈಗಿನವನು ಬೈಕಿನಲ್ಲಿ ಬಂದ. ಪುಸ್ತಕವನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದ. ಅವನಪ್ಪ ಬರೆದದ್ದು, ಅದಕ್ಕೂ ಮುಂಚೆ ಅವನಜ್ಜ.

ಪುಟದಲ್ಲಿ ಬರ್ಮಾದಜ್ಜ ಇದ್ದ. ‘ದಂಡಿನಲ್ಲಿ ಕಾಲವಾದ, ಸಂತಾನ ಇಲ್ಲ.’ ಹೆಂಡತಿ ಅಂತ ಕೇಳಿದೆ. “ಹೆಣ್ಮಕ್ಕಳ ಹೆಸರು ನಾವು ಬರ‍್ಯಾದಿಲ್ಲ ತಾಯಿ. ಯಾವ ಊರಿಂದ ತಂದ್ರು ಅಂತ ಮಾತ್ರ ಇರತೈತಿ” ಅಂದ. ನಿಜ, ನನ್ನ ತಮ್ಮನ ಹೆಸರು ಅದೇ ಪುಟದ ಕೆಳಗಿತ್ತು, ನನ್ನದಿರಲಿಲ್ಲ. ಬೆರಳು ಓಡಿಸಿ ಓದಿದ: ಚಳ್ಳಕೆರೆ ಸೀಮೆಯ ಒಂದು ಹಟ್ಟಿ. ಇಂಗ್ಲೆಂಡಿನ ದಾಖಲೆ ಊರು ಬಿಟ್ಟು ಹೆಸರು ಇಟ್ಟುಕೊಂಡಿತ್ತು, ಹೆಳವರ ಪುಸ್ತಕ ಹೆಸರು ಬಿಟ್ಟು ಊರು ಇಟ್ಟುಕೊಂಡಿತ್ತು. ಅವೆರಡನ್ನೂ ಒಂದೇ ಚೀಟಿಯಲ್ಲಿ ಬರೆದಾಗ ನನ್ನ ಕೈ ನಡುಗಿತು.

ಮುಂದಿನ ಭಾನುವಾರವೇ ತಮ್ಮನನ್ನು ಕರೆದುಕೊಂಡು ಹೊರಟೆ. ಚಿತ್ರದುರ್ಗ ಬರುವಾಗ ಬೆಳಗಿನ ಎಂಟು, ಗುಡ್ಡದ ಮೇಲಿನ ಗಾಳಿಯಂತ್ರಗಳು ಅಲ್ಲಾಡದೆ ನಿಂತಿದ್ದವು. ಚಳ್ಳಕೆರೆ ದಾಟಿ ಪರಶುರಾಂಪುರದ ಕಡೆ ತಿರುಗಿದ ಮೇಲೆ ಎರಡೂ ಕಡೆ ಶೇಂಗಾ ಕಿತ್ತ ಕೆಂಪು ಹೊಲ, ಅದರಲ್ಲಿ ಕುರಿ. ಮಾಘದಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು.

ಊರ ಮುಂದಿನ ಕಟ್ಟೆ ಮೇಲೆ ನಾಲ್ಕೈದು ಜನ ಕೂತಿದ್ದರು. ಆ ಹೆಸರಿನ ಅಜ್ಜಿಯೊಬ್ಬರು ಇದ್ದರಾ ಅಂತ ಕೇಳಿದೆ. ಒಬ್ಬರು ನಲ್ಲಿ ಕಡೆ ಕೈ ತೋರಿಸಿ, “ಆ ಹೆಸರಿನೋಳು ಅಕಾ, ಅಲ್ಲೇ ಅವಳೆ” ಅಂದರು. ಕೊಡ ತುಂಬಿಸುತ್ತಿದ್ದ ಹತ್ತು ಹನ್ನೊಂದು ವರ್ಷದ ಹುಡುಗಿ. ತನ್ನ ಹೆಸರು ಕೇಳಿ ತಿರುಗಿ ನೋಡಿದಳು. ಎಂಬತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಆಡದ ಹೆಸರು. ಮುತ್ತಜ್ಜಿಯದನ್ನು ಮರಿಮಗಳಿಗೆ ಇಟ್ಟಿದ್ದರು.

ಆ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಮನೆಯವರು ಬೇಡ ಅಂದಿದ್ದಾರೆ.

ಹುಡುಗಿಯ ಹಿಂದೆಯೇ ಹೋದೆವು. ಒಳಗೆ ಮೊರದಲ್ಲಿ ಬೀಜದ ಶೇಂಗಾ ಆರಿಸುತ್ತಾ ಕೂತಿದ್ದವರು ಆಕೆಯ ಉಡಿಕೆಯ ಮನೆಯ ಮಗಳು, ಎಪ್ಪತ್ತು ದಾಟಿದವರು. ತಾಯಿ 1991ರಲ್ಲಿ ತೀರಿಕೊಂಡರಂತೆ. ನಾವು ಜಗಳೂರು ಕಡೆಯವರು ಅಂದ ಕೂಡಲೇ ಅವರ ಕೈ ನಿಂತಿತು. “ದಂಡಿಗೋದೋರ ಮನೆಯೋರಾ?” ಅಂದರು.

ನಾನು ನಮ್ಮವರ ಪರವಾಗಿ ಏನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ತಪ್ಪಾಯಿತು ಅನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಅವರು ನನ್ನ ಮಾತು ಹಿಡಿಯಲೇ ಇಲ್ಲ. “ಹೆಸರೇನು ಅವ್ರುದು?” ಅಂದರು.

ನನಗೆ ತಿಳಿಯಲಿಲ್ಲ.

“ನಮ್ಮವ್ವ ಒಂದಿನಾನೂ ಅವ್ರ ಹೆಸರು ಹೇಳ್ನಿಲ್ಲ ಕಣಮ್ಮ. ಗಂಡನ ಹೆಸರು ಹೇಳಬಾರದು ಅಂತ. ನಮ್ಮಪ್ಪಂದೂ ಹೇಳ್ತಿರ್ನಿಲ್ಲ, ಅವ್ರುದೂ ಹೇಳ್ತಿರ್ನಿಲ್ಲ. ದಂಡಿಗೋದೋರು ಅಂತಿದ್ಲು ಅಷ್ಟೆ.”

ಚೀಲದಿಂದ ಕಾಗದ ತೆಗೆದು ಅವನ ಹೆಸರು ಓದಿದೆ. ಅವರು ಒಂದು ಸಲ ತಾವೂ ಹೇಳಿ ನೋಡಿದರು. ಆಮೇಲೆ ಹುಡುಗಿಯನ್ನು ಕರೆದು ಅವಳ ಬಾಯಲ್ಲೂ ಹೇಳಿಸಿದರು. ಬರ್ಮಾ ಎಷ್ಟು ದೂರ, ಅಲ್ಲಿ ಸುಟ್ಟರೋ ಹೂತರೋ ಅಂತ ಕೇಳಿದರು. ಗೊತ್ತಿಲ್ಲ, ಕಲ್ಲಿನ ಮೇಲೆ ಹೆಸರಿದೆ ಅಂದೆ. “ಕಲ್ಲು ಹಾಕವ್ರಲ್ಲ, ಸಾಕು” ಅಂದರು. ನಮ್ಮ ಸೀಮೆಯಲ್ಲಿ ಊರೂರ ಬಾಗಿಲಲ್ಲಿ ವೀರಗಲ್ಲು ನಿಂತಿವೆ, ಬಿದ್ದವನಿಗೆ ಕಲ್ಲು ನಿಲ್ಲಿಸುವುದು ಅಂದರೆ ಏನು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಮಾತಿನ ನಡುವೆ ಮೊರದ ಪಕ್ಕದ ಲೋಟದ ಮೇಲೆ ನನ್ನ ಕಣ್ಣು ಬಿತ್ತು. ಅದರಿಂದಲೇ ಅವರು ಬೀಜ ಅಳೆದು ಚೀಲಕ್ಕೆ ಹಾಕುತ್ತಿದ್ದರು. ಪಿಂಗಾಣಿ ಬಳಿದ ತಗಡಿನ ದೊಡ್ಡ ಲೋಟ, ಹಿಡಿಯಿದ್ದದ್ದು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಅಂಚಿನ ನೀಲಿ ಅಲ್ಲಲ್ಲಿ ಎದ್ದು ಕಪ್ಪು ತಗಡು ಕಾಣುತ್ತಿತ್ತು. ಹಿಡಿ ಒಮ್ಮೆ ಕಿತ್ತುಬಂದು ಬೆಸುಗೆ ಹಾಕಿಸಿದ ಗುರುತು, ತಳದಲ್ಲಿ ತೂತಿಗೆ ಹಾಕಿದ ಸೀಸದ ಚುಕ್ಕೆ. ರಜೆಗೆ ಬಂದವನು ಕೊಟ್ಟು ಹೋದದ್ದಂತೆ. ಉಡಿಕೆಯಾಗಿ ಬರುವಾಗ ಅವ್ವ ಆ ಮನೆಯಿಂದ ತಂದದ್ದು ಅದೊಂದೇ. ಮೊದಲು ಅದರಲ್ಲಿ ಮಜ್ಜಿಗೆ ಕುಡಿಯುತ್ತಿದ್ದಳು, ತೂತಾದ ಮೇಲೆ ಬೀಜಕ್ಕೆ ಇಟ್ಟಳು. ‘ಎರಡು ಮಿಲ್ಟ್ರಿ, ಮೂರು ಮಿಲ್ಟ್ರಿ’ ಅಂತಲೇ ಆ ಮನೆಯಲ್ಲಿ ಅಳತೆ.

ಕೈಗೆ ತೆಗೆದುಕೊಂಡು ನೋಡಿದೆ. ಒಳಗಡೆ ಕೆಂಪು ಮಣ್ಣಿನ ಧೂಳು, ಒಂದು ಶೇಂಗಾ ಸಿಪ್ಪೆ. ಮನೆಯ ನಕ್ಷತ್ರವನ್ನು ಹೀಗೆ ಹಿಡಿದಾಗ ನನಗೆ ಅವನು ಯಾವತ್ತೂ ಸಿಕ್ಕಿರಲಿಲ್ಲ. ಕೇಳಬಾರದಿತ್ತೇನೋ, ಕೇಳಿಬಿಟ್ಟೆ, ಇದನ್ನು ನಮಗೆ ಕೊಡುತ್ತೀರಾ, ಜಗಲಿ ಮೇಲೆ ಇಡುತ್ತೇವೆ ಅಂತ.

“ಇಲ್ಲ ಕಣಮ್ಮ. ಅದು ನಮ್ಮವ್ವಂದು” ಅಂದರು.

ಅವರು ಹೇಳಿದ್ದು ಸರಿಯಿತ್ತು. ಲೋಟ ವಾಪಸ್ ಕೊಟ್ಟೆ. ಕಾಗದವನ್ನು ಅವರೇ ಇಸಿದುಕೊಂಡು, ಮಡಚಿ, ಗೋಡೆಯ ಗೂಡಿನಲ್ಲಿದ್ದ ದೇವರ ಪಟದ ಹಿಂದೆ ಸಿಕ್ಕಿಸಿದರು. ಹೊರಡುವಾಗ ತಮ್ಮನ ಕೈಯಿಂದ ಚೀಲ ಬಿಡಿಸಿಕೊಂಡು, ಬಾಯಿ ಅಗಲಿಸಿ ಹಿಡಿದುಕೋ ಅಂತ ಹುಡುಗಿಗೆ ಕೊಟ್ಟು, ಒಂದು, ಎರಡು, ಮೂರು ಅಂತ ಎಣಿಸುತ್ತಾ ಮೂರು ಮಿಲ್ಟ್ರಿ ಶೇಂಗಾ ಸುರಿದರು.