ಪಂಚರ್ ಕಿಟ್: ಅಂಗಳದಿಂದ ಚಾರ್ಮಾಡಿವರೆಗೆ

ಬೈಕಿನ ಪಂಚರ್ ಕಿಟ್ ಕೊಂಡು ಒಂದು ವರ್ಷವಾಗಿತ್ತು. ಟ್ಯಾಂಕ್ ಬ್ಯಾಗಿನ ತಳದಲ್ಲಿ ಸುಮ್ನೆ ಬಿದ್ದಿತ್ತು. ಮಳೆ ಹಿಡಿಯುವ ಮೊದಲು ಒಮ್ಮೆ ಬಳಸಿ ನೋಡೋಣ ಅಂತ ಮೇ ತಿಂಗಳಲ್ಲಿ ಪಂಚರ್ ಅಂಗಡಿಯಿಂದ ಸವೆದ ಟ್ಯೂಬ್‌ಲೆಸ್ ಟೈರೊಂದನ್ನು ಕೇಳಿ ತಂದೆ. ‘ಇದನ್ನಿಟ್ಕೊಂಡು ಏನ್ ಮಾಡ್ತೀರಾ ಸಾರ್?’ ಅಂದರು ಅಂಗಡಿಯವರು.

ಅಂಗಳದಲ್ಲಿ ಕೂತು ಅದಕ್ಕೆ ಮೊಳೆ ಹೊಡೆದೆ, ಇಕ್ಕಳದಿಂದ ಕಿತ್ತೆ. ತೂತನ್ನು ಉಜ್ಜಿ ಅಗಲ ಮಾಡುವ ಅರದಂಥ ಕಡ್ಡಿ ಒಳಗೇ ಹೋಗಲಿಲ್ಲ. ಮೈಭಾರ ಬಿಟ್ಟು ತಿರುಗಿಸಿದೆ. ಪ್ಲಾಸ್ಟಿಕ್ ಹಿಡಿ ಕಟಕ್ ಅಂತ ಮುರಿಯಿತು. ರಬ್ಬರ್ ಅಂಟಿಸುವ ಸೊಲ್ಯೂಷನ್ ಟ್ಯೂಬ್ ಹಿಂಡಿದರೆ ಅದೂ ಒಣಗಿ ಗಟ್ಟಿ. ದಾರಿಯಲ್ಲಿ ಹೀಗಾಗಿದ್ದರೆ ದೇವರೇ ಗತಿ, ಅಲ್ವಾ? ಕಬ್ಬಿಣದ ಟಿ ಆಕಾರದ ಹಿಡಿಯ ಕಡ್ಡಿಗಳನ್ನು ತಂದೆ. ಬಾಯಿ ತೆರೆಯದ ಸಣ್ಣ ಸೊಲ್ಯೂಷನ್ ಟ್ಯೂಬ್ ಎರಡು ಇಟ್ಟುಕೊಂಡೆ. ಮೊಳೆ ಯಾವ ಓರೆಯಲ್ಲಿ ಹೋಗಿದೆಯೋ ಕಡ್ಡಿಯೂ ಅದೇ ಓರೆಯಲ್ಲಿ ಹೋಗಬೇಕು. ಇದು ಗೊತ್ತಾಗಲು ನಾಲ್ಕು ತೂತು ಬೇಕಾಯಿತು.

ಜಾಸ್ತಿ ತಲೆ ಕೆಟ್ಟಿದ್ದು ಗಾಳಿಯ ವಿಷಯಕ್ಕೆ. ನನ್ನದು ಪಲ್ಸರ್ 150, ಹಿಂದಿನ ಟೈರಿನ ಅಳತೆ 100/90-17. ಅದರಲ್ಲಿ ಗಾಳಿಯ ಒತ್ತಡ ಒಬ್ಬನೇ ಆದರೆ 28 ಪಿಎಸ್‌ಐ, ಹಿಂದೆ ಯಾರಾದರೂ ಕೂತರೆ 32. ಆ ಟೈರಿನ ಗಾಳಿ ಇಳಿಸಿ, ಸೈಕಲ್ಲಿನ ಸಣ್ಣ ಪಂಪಿನಲ್ಲಿ ಇನ್ನೂರು ಸಲ ಒತ್ತಿದೆ, 20 ದಾಟಲಿಲ್ಲ. 16 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಂದೇ ಉಸಿರಿಗೆ ಖಾಲಿಯಾಯಿತು. ಬಂದಿದ್ದು ಬರೀ 13. ಎರಡು ಮೂರು ಹೊತ್ತರೂ ಒಂದೇ ಪಂಚರಿಗೆ ಮುಗಿದುಹೋಗುತ್ತವೆ. ಕೊನೆಗೆ ಗಾಳಿ ತುಂಬುವ 12 ವೋಲ್ಟಿನ ಪುಟ್ಟ ಇನ್‌ಫ್ಲೇಟರ್ ತಂದು, ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರ್ ಎಳೆದೆ. ಎಂಜಿನ್ ಓಡಿಸಿಟ್ಟು ತುಂಬಿದರೆ ನಾಲ್ಕೈದು ನಿಮಿಷ. ಅದರ ಮೀಟರ್ ಮಾತ್ರ 3 ಜಾಸ್ತಿ ತೋರಿಸುತ್ತದೆ. ಅದಕ್ಕೇ ಗಾಳಿ ಅಳೆಯುವ ಪೆನ್ನಿನಂಥ ಗೇಜೂ ಜೊತೆಗಿದೆ.

ಜುಲೈನಲ್ಲಿ ನಿಜವಾದ ಪರೀಕ್ಷೆ ಬಂತು. ತಮ್ಮನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಉಜಿರೆಗೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಚಕ್ರ ತೂಗಾಡಿತು. ಮಂಜು, ಜಿಟಿಜಿಟಿ ಮಳೆ. ಫೋನಿಗೆ ಸಿಗ್ನಲ್ ಇಲ್ಲ. ಮೊಳೆ ಕಾಣಲಿಲ್ಲ. ತಮ್ಮ ಬಾಟಲಿ ನೀರು ಸುರಿಯುತ್ತಾ ಚಕ್ರ ತಿರುಗಿಸಿದ. ‘ಅಣ್ಣಾ, ಇಲ್ಲಿ ಗುಳ್ಳೆ!’ ನೋಡಿದರೆ ತಲೆ ಸವೆದ ಸ್ಕ್ರೂ. ಟೈರಿನ ಪಕ್ಕದ ಗೋಡೆಯಲ್ಲಿ ಇರಲಿಲ್ಲ, ಪುಣ್ಯ. ಅಲ್ಲಿ ತೂತು ಮುಚ್ಚಲು ತೂರಿಸುವ ರಬ್ಬರ್ ಸ್ಟ್ರಿಪ್ ನಿಲ್ಲುವುದಿಲ್ಲ.

ಅವನು ರೇನ್‌ಕೋಟ್ ಚಪ್ಪರದಂತೆ ಹಿಡಿದ. ನಾನು ಫೋನಿನ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬಟ್ಟೆಯಿಂದ ಒರೆಸಿ ಸ್ಟ್ರಿಪ್ ತೂರಿಸಿದೆ. ಗುಳ್ಳೆ ನಿಲ್ಲಲಿಲ್ಲ. ಅದೇ ತೂತಿಗೆ ಇನ್ನೊಂದು ಹಾಕಿದ ಮೇಲೆ ನಿಂತಿತು. ಒಟ್ಟು ನಲವತ್ತು ನಿಮಿಷ. ಅಂಗಳದಲ್ಲಿ ಹತ್ತು ಸಾಕಾಗಿತ್ತು.

ಮೆಲ್ಲಗೆ ಉಜಿರೆ ತಲುಪಿ, ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಸ್ಟ್ರಿಪ್ ನಂಬಿ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ, ನನಗೆ ಆ ಧೈರ್ಯ ಇಲ್ಲ.

ಈಗ ಕಿಟ್ಟಿಗೆ ಹಣೆಗೆ ಕಟ್ಟುವ ಟಾರ್ಚ್ ಸೇರಿದೆ, ಸ್ಟ್ರಿಪ್ ಐದರಿಂದ ಹತ್ತಾಗಿವೆ. ಹಳೇ ಟೈರ್ ಇನ್ನೂ ಅಂಗಳದಲ್ಲಿದೆ. ನೀರು ನಿಂತು ಸೊಳ್ಳೆ ಆಗುತ್ತೆ, ಬಿಸಾಕು ಅಂತ ಅಮ್ಮ ದಿನಾ ಹೇಳುತ್ತಾರೆ. ತಮ್ಮ ಒಮ್ಮೆ ಕೈಯಾಡಿಸಿ ನೋಡಲಿ, ಆಮೇಲೆ ಅಂಗಡಿಗೇ ವಾಪಸ್ ಕೊಡುತ್ತೇನೆ.