ಅಳಿಯಾ, ಅದು ಡ್ರಿಫ್ಟ್ ಅಲ್ಲ

"ನಮ್ಮ ಮಾಮಾ ಪಿಕಪ್ ಗಾಡಿಯನ್ನು ಡ್ರಿಫ್ಟ್ ಮಾಡಿದ" ಎಂದು ಅಕ್ಕನ ಮಗ ಊರೆಲ್ಲ ಸಾರುತ್ತಿದ್ದಾನೆ. ಡ್ರಿಫ್ಟ್ ಎಂದರೆ ಗಾಡಿಯನ್ನು ಓರೆಯಾಗಿ ಜಾರಿಸುತ್ತಲೇ ತಿರುವು ದಾಟಿಸುವ ಕಸರತ್ತು. ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕೊಡುವವನೂ ಕೇಳಿದ. ಹಾಗಾಗಿ ಬರೆಯಬೇಕಾಯಿತು.

ಮೃಗಶಿರಾ ಮಳೆ ಬಿದ್ದ ಮರುದಿನ. ಕಮಲಾಪುರದ ಆಚೆಗಿನ ಹಳ್ಳಿಯೊಂದರಲ್ಲಿ ತೊಗರಿ ಬೀಜ, ಗೊಬ್ಬರದ ಚೀಲ ಇಳಿಸಿ ಖಾಲಿ ಗಾಡಿಯಲ್ಲಿ ಕಲಬುರಗಿಗೆ ಮರಳುತ್ತಿದ್ದೆವು. ಒಂದು ತಿರುವಿನಲ್ಲಿ ಟ್ರ್ಯಾಕ್ಟರ್‌ಗಳು ಹೊಲದಿಂದ ಹೊತ್ತು ತಂದ ಎರೆಮಣ್ಣು ಡಾಂಬರಿಗೆ ಮೆತ್ತಿಕೊಂಡಿತ್ತು. ಹಸಿ ಎರೆ ಎಷ್ಟು ಜಾರುತ್ತದೆಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕಂಡ ಕೂಡಲೇ ಹೆದರಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದೆ. ತಪ್ಪಿದ್ದು ಅಲ್ಲಿಯೇ. ತಿರುವಿನ ನಡುವೆ ಹಾಗೆ ಮಾಡಿದರೆ ಭಾರ ಮುಂದಕ್ಕೆ ವಾಲುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಹಿಂದಿನ ಚಕ್ರಗಳು ಹಿಡಿತ ಬಿಟ್ಟವು, ಬಾಲ ಹೊರಬದಿಗೆ ಹೊರಟಿತು. ಬಾಲ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿದೆ, ಗಾಡಿ ನೆಟ್ಟಗಾಯಿತು. ಎಲ್ಲ ಸೇರಿ ಎರಡು ಸೆಕೆಂಡು.

ಇದು ಬರೀ ಓವರ್‌ಸ್ಟಿಯರ್, ಅಂದರೆ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರಿ ಬಾಲ ಹೊರಗೆ ಹೋಗುವುದು. ಡ್ರಿಫ್ಟ್ ಮಾಡುವವನು ಬೇಕೆಂದೇ ಬಾಲ ಎಸೆದು, ಆಕ್ಸಿಲರೇಟರ್ ಒತ್ತುತ್ತ, ಸಡಿಲಿಸುತ್ತ, ತಿರುವು ಮುಗಿಯುವವರೆಗೆ ಗಾಡಿಯನ್ನು ಓರೆಯಾಗಿಯೇ ಓಡಿಸುತ್ತಾನೆ. ಜಪಾನಿನ ರೇಸ್ ಚಾಲಕ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಪಳಗಿ ಹೆಸರು ಮಾಡಿದ್ದು ಇದರಲ್ಲಿ. ಸ್ಪರ್ಧೆಗಳಲ್ಲಿ ಓರೆ ಎಷ್ಟಿತ್ತು, ಗಾಡಿ ಯಾವ ಹಾದಿ ಹಿಡಿಯಿತು ಎಂದು ನೋಡಿ ಅಂಕ ಕೊಡುತ್ತಾರೆ. ನನ್ನ ಗಾಡಿ ಹಿಡಿದಿದ್ದು ಜಾಲಿ ಗಿಡಗಳ ಹಾದಿ.

"ಸ್ಟೀರಿಂಗ್ ತಿರುವಿನ ಎದುರು ದಿಕ್ಕಿಗೆ ತಿರುಗಿಸಿದೆಯಲ್ಲ ಮಾಮಾ?" ಎನ್ನುತ್ತಾನೆ ಅಳಿಯ. ತಿರುಗಿಸಿದೆ, ಜಾರುವುದನ್ನು ನಿಲ್ಲಿಸಲು. ಡ್ರಿಫ್ಟ್ ಮಾಡುವವರು ತಿರುಗಿಸುವುದು ಜಾರುತ್ತಲೇ ಇರಲು. "ಹಾಗಾದರೆ ಬಾಲ ತಾನಾಗಿ ಜಾರಿದ ಮೇಲೆ ನೀನು ಗಾಬರಿಯಾಗದೆ ಕೊನೆಯವರೆಗೆ ಹಾಗೆಯೇ ಹೋಗಿದ್ದರೆ?" ಹುಡುಗ ಚುರುಕು. ಒಪ್ಪಿದೆ, ಆಗ ಡ್ರಿಫ್ಟ್ ಆಗುತ್ತಿತ್ತು. ಆದರೆ ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಜಗ್ಗಿ ಮೈದಾನದಲ್ಲಿ ಧೂಳೆಬ್ಬಿಸುವ ಅವನ ಗೆಳೆಯರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾಲ ನೆಟ್ಟಗಾಗುತ್ತದೆ, ಆಟ ಮುಗಿಯುತ್ತದೆ.

ಅಳಿಯ ಊರಿಗೆ ಹೇಳದೆ ಬಿಟ್ಟದ್ದೊಂದಿದೆ. ಕಾಲು ನಡುಗುತ್ತಿದ್ದುದರಿಂದ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ, ಕೆಂಪು ಬಾಳೆಹಣ್ಣಿನ ಚೌಕಾಸಿಯ ನೆಪದಲ್ಲಿ ಅರ್ಧ ಗಂಟೆ ಕಳೆದೆ. ಇಷ್ಟೊಂದು ಹಣ್ಣು ಯಾರು ತಿನ್ನಬೇಕು ಎಂದು ಅಕ್ಕ ಬೈದಳು.