ಹಳೆಯ ಪಿಕಪ್ಪಿಗೆ ಎಸಿ: ಮಳೆಗಾಲದ ಲೆಕ್ಕ

ಶಿರಸಿ ಸೀಮೆಯಲ್ಲಿ ಹಳೆಯ ಡೀಸೆಲ್ ಪಿಕಪ್ಪಿಗೆ ಎಸಿ ಕೂರಿಸುತ್ತೇನೆಂದರೆ, ಘಟ್ಟದ ಮೇಲಿನವರಿಗೆ ಅಷ್ಟೊಂದು ಸೆಕೆಯೇ ಎಂದು ಕೇಳುವವರೇ ಹೆಚ್ಚು. ಕುಮಟಾ, ಅಂಕೋಲೆಗಳ ಮೇ ತಿಂಗಳ ಸೆಕೆ ಸಣ್ಣದೇನಲ್ಲ. ಆದರೂ ಅಡಿಕೆ ಚೀಲ, ಬಾಳೆಗೊನೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತುವ ನಾನು ಈ ಖರ್ಚಿಗೆ ಮನಸ್ಸು ಮಾಡಿದ್ದು ಮಳೆಗಾಲದ ಸಲುವಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಏರಿಸಿಕೊಂಡು ಓಡಿಸುವಾಗ ಒಳಗಿದ್ದವರ ಉಸಿರು, ಒದ್ದೆ ಬಟ್ಟೆ, ರೇನ್‌ಕೋಟುಗಳ ತೇವ ಎಲ್ಲ ಸೇರಿ ಎದುರಿನ ಗಾಜಿಗೆ ಹಬೆ ಕಟ್ಟುತ್ತದೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಗಾಜು ಒರೆಸುವ ಬಟ್ಟೆ ಹಿಡಿದು ತಿರುವು ದಾಟುವುದು ಎಂಥ ಅಪಾಯವೆಂದು ಘಟ್ಟದಲ್ಲಿ ಗಾಡಿ ಓಡಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂಪು ಮಾಡುವುದರ ಜೊತೆಗೇ ಎಸಿ ಗಾಳಿಯನ್ನು ಒಣಗಿಸುತ್ತದೆ. ಕೂಲಿಂಗ್ ಕಾಯಿಲನ್ನು ಹಾದು ಬರುವ ಗಾಳಿಯ ತೇವ ಅಲ್ಲಿಯೇ ಹನಿಗಟ್ಟಿ, ಸಣ್ಣ ಪೈಪಿನ ಮೂಲಕ ಗಾಡಿಯ ಕೆಳಗೆ ಸುರಿದುಹೋಗುತ್ತದೆ; ಆ ಒಣ ಗಾಳಿ ಗಾಜಿಗೆ ಬಡಿದರೆ ಹಬೆ ತಾನಾಗಿ ಆರುತ್ತದೆ. ತೊಡಕೆಂದರೆ, ಡ್ಯಾಶ್‌ಬೋರ್ಡಿನ ಕೆಳಗೆ ತೂಗುಹಾಕುವ ಸರಳ ಕಿಟ್ಟುಗಳು ಸಾಮಾನ್ಯವಾಗಿ ಗಾಳಿಯನ್ನು ಮುಖಕ್ಕೆ ಮಾತ್ರ ಊದುತ್ತವೆ. ಆದ್ದರಿಂದ ಗಾಜಿನ ಬುಡದ ಕಿಂಡಿಗಳವರೆಗೆ ಗಾಳಿಕೊಳವೆ ಎಳೆಯಲೇಬೇಕು, ಸಾಧ್ಯವಾದರೆ ಹೀಟರ್ ಕಾಯಿಲ್ ಇರುವ ಘಟಕವನ್ನೇ ಹಾಕಬೇಕು ಎಂದು ಗ್ಯಾರೇಜಿನಲ್ಲಿ ಮೊದಲೇ ಹೇಳಿದೆ. ಒಣಗಿದ ಗಾಳಿಯನ್ನು ತುಸು ಬೆಚ್ಚಗೆ ಮಾಡಿ ಬಿಟ್ಟರೆ ಗಾಜು ಬೇಗ ತಿಳಿಯಾಗುತ್ತದೆ. ಬರಿಯ ತಣ್ಣನೆಯ ಗಾಳಿಯನ್ನೇ ಹೊತ್ತುಗಟ್ಟಲೆ ಊದಿದರೆ ಗಾಜು ತಣ್ಣಗಾಗಿ, ಕರಾವಳಿಯ ತೇವದ ಹವೆಯಲ್ಲಿ ಹೊರಮೈಗೇ ಹಬೆ ಕಟ್ಟುತ್ತದೆ. ಆಗ ವೈಪರ್ ಹಾಕಿ ತಂಪು ತಗ್ಗಿಸುವುದೇ ಪರಿಹಾರ.

3.5 ಟನ್ನಿಗೂ ಹೆಚ್ಚು ಒಟ್ಟು ತೂಕದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗುವ ನಿಯಮ 2025ರಿಂದ ಬಂದಿದೆ. ಅದಕ್ಕಿಂತ ಹಗುರವಾದ ನಮ್ಮಂಥವರ ಪಿಕಪ್ಪುಗಳು ಅದರ ಹೊರಗೇ ಉಳಿದಿವೆ. ದಿನವಿಡೀ ಸ್ಟೇರಿಂಗ್ ಹಿಡಿಯುವ ಶ್ರಮದಲ್ಲಿ ಲಾರಿಯವರಿಗೂ ಪಿಕಪ್ಪಿನವರಿಗೂ ನನಗೆ ಭೇದ ಕಾಣುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಘಟ್ಟ ಹತ್ತುವಾಗ. ಎಸಿಯ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಬೆಲ್ಟಿನ ಮೂಲಕ ಎಂಜಿನ್ನಿನಿಂದ ಕೆಲವು ಅಶ್ವಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ಅದೇ ಹೊತ್ತಿಗೆ ರೇಡಿಯೇಟರಿನ ಮುಂದೆ ಕೂತ ಕಂಡೆನ್ಸರ್ (ಗ್ಯಾಸಿನ ಬಿಸಿಯನ್ನು ಹೊರಹಾಕುವ ಜಾಲರಿ) ತನ್ನ ಬಿಸಿಯನ್ನೆಲ್ಲ ರೇಡಿಯೇಟರಿನ ಮೇಲೆಯೇ ಚೆಲ್ಲುತ್ತದೆ. ಭಾರ ಹೊತ್ತು ಎರಡನೇ ಗೇರಿನಲ್ಲಿ ಏರುವ ಗಾಡಿಗೆ ಎದುರಿನಿಂದ ಬೀಸುವ ಗಾಳಿಯ ನೆರವು ಬಹಳ ಕಡಿಮೆ. ಹೀಗಾಗಿ ಎಸಿ ಸಾಮಾನು ಕೊಳ್ಳುವ ಮೊದಲು ರೇಡಿಯೇಟರನ್ನು ಬಿಚ್ಚಿಸಿ ತೊಳೆಸುವುದು, ಥರ್ಮೋಸ್ಟಾಟ್, ವಾಟರ್ ಪಂಪ್, ಹೋಸ್ ಪೈಪುಗಳನ್ನು ನೋಡಿಸುವುದು ಅಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಂಡೆನ್ಸರಿಗೆಂದೇ ಪ್ರತ್ಯೇಕ ಎಲೆಕ್ಟ್ರಿಕ್ ಫ್ಯಾನ್ ಬೇಕು. ಫ್ಯಾನ್ ಎಳೆದ ಗಾಳಿ ಪಕ್ಕದ ಸಂದುಗಳಿಂದ ಜಾರಿಹೋಗದಂತೆ ಅಲ್ಲಿ ಫೋಮ್ ಪಟ್ಟಿ ಅಂಟಿಸಬೇಕು. ನೀರಿನ ಉಷ್ಣತೆ ಮಿತಿಮೀರಿದರೆ ಕಂಪ್ರೆಸರಿನ ಕ್ಲಚ್ ತಾನಾಗಿ ಬಿಡುವಂತೆ ಒಂದು ಸ್ವಿಚ್ಚನ್ನೂ ಹಾಕಿಸಿದ್ದೇನೆ. ಅದು ಇದ್ದರೂ, ಲೋಡು ತುಂಬಿದಾಗ ಕಡಿದಾದ ಏರಿನಲ್ಲಿ ನಾನೇ ಎಸಿ ಆರಿಸಿ, ಬ್ಲೋವರ್ ಮಾತ್ರ ನಡೆಸುತ್ತೇನೆ.

ಕಂಪ್ರೆಸರ್ ಕೂರಿಸುವ ಬ್ರ್ಯಾಕೆಟ್ಟನ್ನು ಕಬ್ಬಿಣದ ಪಟ್ಟಿಯಲ್ಲಿ ವೆಲ್ಡ್ ಮಾಡಿಸುವುದಕ್ಕಿಂತ, ಅದೇ ಎಂಜಿನ್ ಇರುವ ಎಸಿ ಮಾದರಿಯ ಅಸಲಿ ಬ್ರ್ಯಾಕೆಟ್ಟನ್ನು ಗುಜರಿಯಲ್ಲಿ ಹುಡುಕುವುದು ಮೇಲು. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಪುಲ್ಲಿಗಳ ಸಾಲು ತುಸು ತಪ್ಪಿದರೂ ಬೆಲ್ಟು ಬಾಳುವುದಿಲ್ಲ. ವಿದ್ಯುತ್ತಿನ ಲೆಕ್ಕವನ್ನೂ ಹಾಕಬೇಕು: ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರುಗಳ ಜೊತೆಗೆ ಬ್ಲೋವರ್, ಫ್ಯಾನ್, ಕ್ಲಚ್ಚುಗಳೂ ಒಟ್ಟಿಗೆ ನಡೆಯುವಾಗ ಹಳೆಯ ಆಲ್ಟರ್ನೇಟರ್ ಸೋಲುತ್ತದೆ. ಪ್ರತಿಯೊಂದಕ್ಕೂ ಬೇರೆ ರಿಲೇ, ಬೇರೆ ಫ್ಯೂಸು ಇರಲೇಬೇಕು.

ಗ್ಯಾಸ್ ತುಂಬುವ ದಿನ ಗ್ಯಾರೇಜಿನಲ್ಲಿ ಖುದ್ದಾಗಿ ನಿಂತಿರುವುದು ಒಳ್ಳೆಯದು. ಈ ಕಿಟ್ಟುಗಳಲ್ಲಿ ಬಳಸುವ ಆರ್-134ಎ ಅನಿಲ ಸಾಮಾನ್ಯ ವಾಯುಭಾರದಲ್ಲಿ ಸುಮಾರು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಪೈಪಿನೊಳಗೆ ತೇವ ಉಳಿದಿದ್ದರೆ ಅದು, ಗ್ಯಾಸು ಹಿಗ್ಗಿ ತಣ್ಣಗಾಗುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ಹೆಪ್ಪುಗಟ್ಟಿ ಹರಿವನ್ನೇ ತಡೆಯುತ್ತದೆ, ಕ್ರಮೇಣ ಆಮ್ಲವಾಗಿ ಒಳಗಿನ ಲೋಹವನ್ನೂ ತಿನ್ನುತ್ತದೆ. ನಮ್ಮ ಜಿಲ್ಲೆಯ ಹವೆಯಲ್ಲಿ ಈ ಭಯ ಇನ್ನೂ ಹೆಚ್ಚು. ಪೈಪಿನೊಳಗಿನ ತೇವ ಹೀರುವ ಡ್ರೈಯರಿನ ಮುಚ್ಚಳವನ್ನು ಜೋಡಿಸುವ ಗಳಿಗೆಯವರೆಗೆ ತೆಗೆಯಬಾರದು. ಸೋರಿಕೆಯನ್ನು ಟಯರಿಗೆ ಹಾಕುವ ಗಾಳಿಯಿಂದ ಪರೀಕ್ಷಿಸದೆ ಒಣ ನೈಟ್ರೋಜನ್ನಿನಿಂದ ಪರೀಕ್ಷಿಸಬೇಕು. ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಅರ್ಧ ಗಂಟೆ ನಡೆಸಿ, ಆಮೇಲೆ ಗೇಜಿನ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಗ್ಯಾಸನ್ನು ತೂಗಿಯೇ ತುಂಬಬೇಕು, ಹೆಚ್ಚಾದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ. ಹಳೆಯ ಗ್ಯಾಸನ್ನು ಹಾಗೆಯೇ ಗಾಳಿಗೆ ಬಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಭೂಮಿಯನ್ನು ಬಿಸಿಮಾಡುವುದರಲ್ಲಿ ಈ ಅನಿಲ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿದ್ದು.

ಕಾರವಾರದವರೆಗೆ ಕಡಲ ಅಂಚಿನಲ್ಲೇ ಸಾಗುವ ಹೆದ್ದಾರಿ 66ರಲ್ಲಿ ಓಡಾಡುವ ಗಾಡಿಗಳಿಗೆ ಉಪ್ಪುಗಾಳಿಯ ಕಾಟವೂ ಇದೆ. ಕಂಡೆನ್ಸರಿನ ತೆಳ್ಳನೆಯ ಅಲ್ಯೂಮಿನಿಯಂ ಎಸಳುಗಳು ಅದಕ್ಕೆ ಬಲುಬೇಗ ಪುಡಿಯಾಗುತ್ತವೆ. ಮನೆಗೆ ಮರಳಿದ ಮೇಲೆ ಬಾವಿಯ ನೀರನ್ನು ಪೈಪಿನಿಂದ ಮೆಲ್ಲಗೆ ಬಿಟ್ಟು ತೊಳೆಯಬೇಕು. ಒತ್ತಡದ ಪಂಪ್ ಹಿಡಿದರೆ ಎಸಳುಗಳು ಮಡಚಿಕೊಳ್ಳುತ್ತವೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ನಡೆಸಿದರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಲುಪುತ್ತಿರುತ್ತದೆ. ಮಳೆ ಶುರುವಾಗುವ ಮೊದಲು ನೀರು ಹೊರಹೋಗುವ ಪೈಪಿನ ಬಾಯಿಯಲ್ಲಿ ಕೆಸರು ಕಟ್ಟಿದೆಯೇ ಎಂದು ನೋಡಿಕೊಳ್ಳಬೇಕು. ಅದು ಕಟ್ಟಿದರೆ ಹೊರಗೆ ಹೋಗಬೇಕಾದ ನೀರು ಕಾಲಬುಡದ ಮ್ಯಾಟಿಗೇ ಇಳಿದು, ಅಲ್ಲಿಂದ ಆವಿಯಾಗಿ ಮತ್ತೆ ಗಾಜಿಗೇ ಬಂದು ಕೂರುತ್ತದೆ.